ಹಾಸ್ಟೆಲ್ ನಿಯಮ, ಹಾಸ್ಟೆಲ್ ಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ನಿಲಯಗಳ ಕುರಿತು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಶುಲ್ಕ ದುಬಾರಿಯಾಯಿತೆಂಬ ದೂರಿನಿಂದಲೇ ಆರಂಭವಾಗುತ್ತವೆ. ಆದರೆ ಪತ್ರದ ಜೊತೆಗಿರುವ ರಸೀದಿಗಳನ್ನು ನೋಡಿದರೆ, ಕೋಣೆಯ ಬಾಡಿಗೆಗಿಂತ ಹೆಚ್ಚಿನ ಹಣ ಕೈಬಿಟ್ಟುಹೋಗಿರುವುದು ಯಾರೂ ಓದದೆ ಸಹಿ ಹಾಕಿದ ನಿಯಮಪತ್ರದ ಯಾವುದೋ ಒಂದು ಸಾಲಿನಿಂದ. ಆದ್ದರಿಂದ ಈ ಸಲ ನಿಯಮ ಮತ್ತು ಹಣ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳು ಎಂ.ಎಸ್ಸಿ. ಓದುತ್ತಾ ವಿಶ್ವವಿದ್ಯಾಲಯದ ಮಹಿಳಾ ಹಾಸ್ಟೆಲಿನಲ್ಲಿದ್ದಾಳೆ. ಅಲ್ಲಿ ಡಿವೈಡಿಂಗ್ ಪದ್ಧತಿಯ ಮೆಸ್ ಇದೆ. ಆಗಸ್ಟ್ ತಿಂಗಳಿಗೆ ದಿನಕ್ಕೆ 90 ರೂಪಾಯಿಯಂತೆ 2,610 ರೂಪಾಯಿ ಬಿಲ್ ಬಂದಿತ್ತು. ಅಕ್ಟೋಬರಿನಲ್ಲಿ ಹಬ್ಬಕ್ಕೆಂದು ಒಟ್ಟು ಹನ್ನೆರಡು ದಿನ ಮನೆಯಲ್ಲೇ ಇದ್ದರೂ ದಿನಕ್ಕೆ 105 ರೂಪಾಯಿಯಂತೆ 2,940 ರೂಪಾಯಿ ಬಂದಿದೆ. ಉಣ್ಣದ ಊಟಕ್ಕೂ ಹಣ ಕೊಡಬೇಕೇ? (ಓದುಗರು, ಹಾವೇರಿ)

ಉತ್ತರ: ನಿಮ್ಮ ಬಿಲ್ಲಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ದಿನದ ದರ ಏಕೆ ಏರಿತು ಎಂಬುದು ಒಂದು, ನಿಮ್ಮ ಮಗಳ ಹೆಸರಿಗೆ ಎಷ್ಟು ದಿನ ಹಚ್ಚಿದ್ದಾರೆ ಎಂಬುದು ಇನ್ನೊಂದು.

ಡಿವೈಡಿಂಗ್ ಪದ್ಧತಿಯಲ್ಲಿ ತಿಂಗಳ ಒಟ್ಟು ಖರ್ಚನ್ನು ಎಲ್ಲ ವಿದ್ಯಾರ್ಥಿಗಳ ಊಟದ ದಿನಗಳ ಮೊತ್ತದಿಂದ ಭಾಗಿಸಿ ದಿನದ ದರ ತೆಗೆಯುತ್ತಾರೆ. ದಿನಸಿ, ತರಕಾರಿ, ಹಾಲು ಮತ್ತು ಗ್ಯಾಸಿನ ಖರ್ಚು ಉಣ್ಣುವವರ ಸಂಖ್ಯೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ, ಆದರೆ ಅಡುಗೆಯವರ ಸಂಬಳ ಹಾಗಲ್ಲ. ಒಂದು ಉದಾಹರಣೆ ನೋಡಿ. ಒಬ್ಬರ ಒಂದು ದಿನದ ಊಟದ ಸಾಮಗ್ರಿಗೆ 70 ರೂಪಾಯಿ ತಗಲುತ್ತದೆ, ಅಡುಗೆಯವರ ತಿಂಗಳ ಸಂಬಳ ಒಟ್ಟು 84,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಲಯ ತುಂಬಿದ್ದ ತಿಂಗಳಲ್ಲಿ 4,200 ಊಟದ ದಿನಗಳಾದರೆ ಸಂಬಳದ ಪಾಲು ದಿನಕ್ಕೆ 20 ರೂಪಾಯಿ ಬಂದು ದರ 90 ಆಗುತ್ತದೆ. ದಸರೆಯ ತಿಂಗಳಲ್ಲಿ ಅರ್ಧಕ್ಕರ್ಧ ಹುಡುಗಿಯರು ಊರಿಗೆ ಹೋಗಿ ಊಟದ ದಿನಗಳು 2,400ಕ್ಕೆ ಇಳಿದರೆ ಅದೇ ಸಂಬಳದ ಪಾಲು 35 ರೂಪಾಯಿಗೆ ಏರಿ ದರ 105 ಆಗುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ. ಸಂಬಳವನ್ನು ಬೇರೆ ನಿಗದಿತ ಶುಲ್ಕವಾಗಿ ವಸೂಲು ಮಾಡುವ ನಿಲಯಗಳಲ್ಲಿ ಈ ಏರಿಳಿತ ಕಡಿಮೆ. ಆದರೆ ಅಲ್ಲಿ ಊರಿಗೆ ಹೋದರೂ ಆ ಶುಲ್ಕ ತಪ್ಪುವುದಿಲ್ಲ.

ಇನ್ನು ಎರಡನೆಯ ಸಂಗತಿ. 2,940ನ್ನು 105ರಿಂದ ಭಾಗಿಸಿದರೆ 28 ಬರುತ್ತದೆ. ಅಂದರೆ 31 ದಿನಗಳ ತಿಂಗಳಿನಲ್ಲಿ ನಿಮ್ಮ ಮಗಳಿಗೆ ಮೂರೇ ದಿನ ಕಡಿತ ಕೊಟ್ಟಿದ್ದಾರೆ. ಹನ್ನೆರಡು ದಿನವೂ ಕಡಿತವಾಗಿದ್ದರೆ 19 ದಿನಕ್ಕೆ 1,995 ರೂಪಾಯಿ ಆಗುತ್ತಿತ್ತು. ಉಳಿದ 945 ರೂಪಾಯಿ ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಬಹುಮಟ್ಟಿಗೆ ನಿಲಯದ ರಜೆ ಪುಸ್ತಕದಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಮೆಸ್ ಕಡಿತಕ್ಕೆ ಎರಡು ಷರತ್ತುಗಳಿರುತ್ತವೆ: ಗೈರುಹಾಜರಿ ಇಂತಿಷ್ಟು ದಿನ ಸತತವಾಗಿರಬೇಕು, ಮತ್ತು ಹೋಗುವ ಮೊದಲೇ ಪುಸ್ತಕದಲ್ಲಿ ಬರೆದು ಸಹಿ ಮಾಡಿರಬೇಕು. ಗೆಳತಿಗೆ ಹೇಳಿ ಹೋದದ್ದು, ಮೆಸ್ ಸೆಕ್ರೆಟರಿಗೆ ಫೋನಿನಲ್ಲಿ ತಿಳಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಮರುದಿನದ ಅಕ್ಕಿ, ಬೇಳೆಯನ್ನು ಹಿಂದಿನ ದಿನವೇ ಅಳೆದು ಕೊಡಬೇಕಾಗಿರುವುದರಿಂದ ಈ ಷರತ್ತು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ಆಕೆ ಬರೆದು ಹೋಗಿದ್ದೂ ಕಡಿತ ಸಿಗದಿದ್ದರೆ ಸುಮ್ಮನಿರಬೇಡಿ. ಆ ಪುಟದ ಫೋಟೋ ತೆಗೆದುಕೊಂಡು ಕ್ಷೇಮಪಾಲಕರಿಗೆ ಲಿಖಿತ ಅರ್ಜಿ ಕೊಡಲಿ.

ಡಿವೈಡಿಂಗ್ ಮೆಸ್ಸಿನ ಹಣ ವಿದ್ಯಾರ್ಥಿಗಳದೇ. ಆದ್ದರಿಂದ ತಿಂಗಳ ಖರ್ಚಿನ ಪಟ್ಟಿ, ದಾಸ್ತಾನು ಪುಸ್ತಕ ಮತ್ತು ಊಟದ ಹಾಜರಿಯನ್ನು ನೋಡಲು ಕೇಳುವುದು ಉದ್ಧಟತನವಲ್ಲ. ಸರ್ಕಾರಿ ವಿಶ್ವವಿದ್ಯಾಲಯವಾಗಿದ್ದು, ಕೇಳಿದರೂ ತೋರಿಸದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಇದನ್ನು ಮರೆತು ಎಲ್ಲ ದೂರುಗಳನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದು ತಿರಸ್ಕೃತವಾಗುವ ಸಂಭವವಿದೆ.

ಪ್ರಶ್ನೆ: ಸ್ನಾತಕೋತ್ತರ ಪ್ರವೇಶ ಪಡೆದು ಹಾಸ್ಟೆಲ್ ಸೇರಿದ ಮೂರು ವಾರಕ್ಕೆ ನನಗೆ ಬೇರೆ ಕಡೆ ಬಿ.ಇಡಿ. ಸೀಟು ಸಿಕ್ಕಿತು. ಈಗ ಕಚೇರಿಯಲ್ಲಿ ಶುಲ್ಕವೂ ಇಲ್ಲ, ಕಾಷನ್ ಡಿಪಾಸಿಟ್ಟೂ ಇಲ್ಲ ಎನ್ನುತ್ತಿದ್ದಾರೆ. (ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಎರಡನ್ನೂ ಒಂದೇ ಎಂದು ಭಾವಿಸಬೇಡಿ. ಶುಲ್ಕದ ಮರುಪಾವತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ಅಧಿಸೂಚನೆ ಇದೆ. ಅದರಲ್ಲಿ ದಿನಗಳ ಎಣಿಕೆ ನೀವು ಸೇರಿದ ದಿನದಿಂದಲ್ಲ, ಆ ಸಂಸ್ಥೆ ಅಧಿಕೃತವಾಗಿ ಪ್ರಕಟಿಸಿದ ಪ್ರವೇಶದ ಕೊನೆಯ ದಿನಾಂಕದಿಂದ. ಆ ದಿನಾಂಕಕ್ಕೆ 15 ಅಥವಾ ಹೆಚ್ಚು ದಿನ ಮೊದಲೇ ಸೀಟು ಬಿಟ್ಟರೆ ಪೂರ್ಣ ಶುಲ್ಕ, 15 ದಿನಕ್ಕಿಂತ ಕಡಿಮೆ ಅವಧಿ ಉಳಿದಿದ್ದಾಗ ಬಿಟ್ಟರೆ ಶೇ 90, ಕೊನೆಯ ದಿನಾಂಕ ದಾಟಿ 15 ದಿನದೊಳಗಾದರೆ ಶೇ 80, 15ರಿಂದ 30 ದಿನದೊಳಗಾದರೆ ಶೇ 50 ಮರಳಬೇಕು. 30 ದಿನ ದಾಟಿದ ಮೇಲೆ ಏನೂ ಸಿಗುವುದಿಲ್ಲ. ಪೂರ್ಣ ಮರುಪಾವತಿಯಲ್ಲೂ ಶೇ 5ರವರೆಗೆ, ಗರಿಷ್ಠ 5,000 ರೂಪಾಯಿಯನ್ನು ಕಚೇರಿ ವೆಚ್ಚವೆಂದು ಹಿಡಿಯಲು ಅವಕಾಶವಿದೆ. ಲಿಖಿತ ಅರ್ಜಿ ಕೊಟ್ಟ ದಿನವೇ ಇಲ್ಲಿ ನಿರ್ಣಾಯಕ. ಆದ್ದರಿಂದ ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಕಾಷನ್ ಡಿಪಾಸಿಟ್ ಈ ಶೇಕಡಾವಾರು ಲೆಕ್ಕಕ್ಕೆ ಸೇರಿದ್ದೇ ಅಲ್ಲ. ಅದು ಠೇವಣಿ, ಹಿಂದಿರುಗಿಸಬೇಕಾದ ಹಣ. ಮುರಿದ ಕಿಟಕಿಯ ಗಾಜು, ಕಳೆದ ಬೀಗದ ಕೈ, ಉಳಿಸಿಕೊಂಡ ಮೆಸ್ ಬಾಕಿ ಇಂಥವನ್ನು ಮುರಿದುಕೊಳ್ಳಬಹುದು, ಆದರೆ ಯಾವುದಕ್ಕೆ ಎಷ್ಟು ಎಂದು ಬರೆದು ಕೊಡಬೇಕು. ಕೋಣೆ ಬಿಡುವಾಗ ಮಂಚ, ಮೇಜು, ಫ್ಯಾನು ಸರಿಯಿವೆಯೆಂದು ಸಹಿ ಮಾಡಿಸಿಕೊಂಡು ಬೇಬಾಕಿ ಪತ್ರ ಪಡೆದಿರಬೇಕು. ನೀವು ಪಡೆಯದೆ ಬಂದಿದ್ದರೆ ಮೊದಲು ಹೋಗಿ ಅದನ್ನು ಪೂರೈಸಿ.

ಆಮೇಲೂ ಹಣ ಬಾರದಿದ್ದರೆ ಗ್ರಾಹಕ ಆಯೋಗಕ್ಕೆ ಓಡುವ ಮೊದಲು ಅನುದಾನ ಆಯೋಗದ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯ ದಾರಿಯನ್ನು ಹಿಡಿಯಿರಿ. ಸಂಸ್ಥೆಯ ಕುಂದುಕೊರತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ನಿಮಗೆ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ (ದೂರುಗಳ ಮೇಲ್ಮನವಿ ಕೇಳುವ ಅಧಿಕಾರಿ) ಮುಂದೆ ಮೇಲ್ಮನವಿ ಸಲ್ಲಿಸಬಹುದು.

ಪ್ರಶ್ನೆ: ನಮ್ಮ ಕ್ಯಾಂಪಸ್ಸಿನಲ್ಲಿ ಹುಡುಗರ ಹಾಸ್ಟೆಲಿನ ಗೇಟು ರಾತ್ರಿ ಒಂಬತ್ತೂವರೆಗೆ ಮುಚ್ಚಿದರೆ ನಮ್ಮದು ಸಂಜೆ ಆರೂವರೆಗೇ ಮುಚ್ಚುತ್ತದೆ. ಗ್ರಂಥಾಲಯ ಎಂಟರವರೆಗೆ ತೆರೆದಿರುತ್ತದೆ. ತಡವಾದರೆ 100 ರೂಪಾಯಿ ದಂಡ. ಸುರಕ್ಷತೆಗಾಗಿ ಎನ್ನುತ್ತಾರೆ. (ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಗ್ರಂಥಾಲಯಕ್ಕೆ ನೀವೂ ಹುಡುಗರಷ್ಟೇ ಶುಲ್ಕ ಕಟ್ಟಿ, ದಿನಕ್ಕೆ ಒಂದೂವರೆ ತಾಸು ಅವರಿಗಿಂತ ಕಡಿಮೆ ಓದಬೇಕಾಗಿ ಬಂದಿರುವುದು ಅನ್ಯಾಯ. ಇದು ನನ್ನೊಬ್ಬನ ಮಾತಲ್ಲ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗಾಗಿ ಅನುದಾನ ಆಯೋಗ ರೂಪಿಸಿದ 2015ರ ನಿಯಮಾವಳಿಯೇ, ವಿದ್ಯಾರ್ಥಿನಿಯರ ಸುರಕ್ಷತೆಯ ನೆಪ ಹೇಳಿ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಅವರ ಹಾಸ್ಟೆಲುಗಳ ಮೇಲೆ ಹೇರಬಾರದೆಂದು ಸ್ಪಷ್ಟವಾಗಿ ಹೇಳಿದೆ. ನಿಮ್ಮ ಮನವಿಯಲ್ಲಿ ಮೊದಲು ಉಲ್ಲೇಖಿಸಬೇಕಾದದ್ದು ಇದನ್ನೇ.

ಹಾಸ್ಟೆಲ್ ನಿಯಮಕ್ಕೆ ಸಹಿ ಹಾಕಿದ ಮೇಲೆ ಪ್ರಶ್ನಿಸುವಂತಿಲ್ಲ ಎಂದು ಯಾರಾದರೂ ಹೇಳಿದರೆ ಕೇರಳ ಹೈಕೋರ್ಟಿನ 2019ರ ಸೆಪ್ಟೆಂಬರ್ ತೀರ್ಪನ್ನು ನೆನಪಿಸಿ. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವನ್ನು ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಲಾಗಿತ್ತು. ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕು ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿದ ನ್ಯಾಯಾಲಯ ಆಕೆಯನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಅಲ್ಲಿನ ಹುಡುಗರ ಹಾಸ್ಟೆಲಿನಲ್ಲಿ ಅಂಥ ನಿರ್ಬಂಧ ಇರಲಿಲ್ಲವೆಂಬುದೂ ಆಕೆಯ ವಾದದ ಭಾಗವಾಗಿತ್ತು. ಶಿಸ್ತಿಗೆ ನಿಯಮ ಬೇಕು, ನಿಜ. ಆದರೆ ಅದು ಓದಿಗೆ ಅಡ್ಡಿಯಾಗಬಾರದು.

ದಂಡದ ವಿಷಯದಲ್ಲಿ ಒಂದು ಮಾತು. ಅಚ್ಚಾದ ನಿಯಮಪತ್ರದಲ್ಲಿ ಆ ಮೊತ್ತವಿದೆಯೇ ಎಂದು ನೋಡಿ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ರಸೀದಿಯಿಲ್ಲದ ದಂಡವನ್ನು ಕೊಡಬೇಡಿ.

ಪ್ರಶ್ನೆ: ಕೋಣೆಯಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡದ್ದಕ್ಕೆ ಜಪ್ತಿ ಮಾಡಿ ದಂಡ ಹಾಕಿದರು. ಇದು ಸರಿಯೇ? (ವಿದ್ಯಾರ್ಥಿ, ಕಲಬುರಗಿ)

ಉತ್ತರ: ನಿಷೇಧ ಸರಿ. 2,000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಕೋಣೆಯ ಸಣ್ಣ ಸಾಕೆಟ್ಟು ಇರುವುದು 6 ಆಂಪಿಯರಿಗೆ. ಹಳೆಯ ಕಟ್ಟಡದ ತಂತಿ ಗೋಡೆಯೊಳಗೇ ಕಾಯುತ್ತದೆ. ನೀರು ಕಾಯಿಸುವ ಕಾಯಿಲ್ ಕೂಡ ಅಷ್ಟೇ ಅಪಾಯಕಾರಿ. ಆದರೆ ಒಲೆ ನಿಮ್ಮ ಸ್ವತ್ತು. ಕೋಣೆ ಬಿಡುವಾಗ ಅದನ್ನು ಮರಳಿ ಕೊಡುವಂತೆ ಲಿಖಿತವಾಗಿ ಕೇಳಿ.

ಪ್ರಶ್ನೆ: ನಮ್ಮ ತಂದೆ ವಾರಾನ್ನ ಉಂಡು ಓದಿದವರು. ಈಗ ಮಗನಿಗೆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಸೀಟು ಸಿಗದೆ ಬೆಂಗಳೂರಿನ ಪಿ.ಜಿ.ಯಲ್ಲಿ ಇಡಬೇಕಾಗಿದೆ. ಯಾವ ನೆರವು ಸಿಗಬಹುದು? ಪಿ.ಜಿ. ಮಾಲೀಕರು ಜಿ.ಎಸ್‌.ಟಿ. ಬೇರೆ ಕೇಳುತ್ತಿದ್ದಾರೆ. (ಓದುಗರು, ಚಿಕ್ಕೋಡಿ)

ಉತ್ತರ: ವಿಶ್ವವಿದ್ಯಾಲಯದ ನಿಲಯವೊಂದೇ ದಾರಿಯಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಲ್ಲಿ ಊಟ ಮತ್ತು ವಸತಿ ಉಚಿತ. ಅಲ್ಲೂ ಸೀಟು ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗಾಗಿಯೇ ವಿದ್ಯಾಸಿರಿ ಯೋಜನೆ ಬಂದದ್ದು. ಮೊದಲಲ್ಲಿ ಅದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವಾಗಿತ್ತು. ಈ ವರ್ಷದ ಮೊತ್ತ ಮತ್ತು ಆದಾಯ ಮಿತಿಯನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಪರಿಶಿಷ್ಟ ಜಾತಿಯವರಾಗಿದ್ದರೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ, 2021ರ ಪರಿಷ್ಕರಣೆಯಂತೆ, ಮೊದಲನೆಯ ಗುಂಪಿನ ವೃತ್ತಿಪರ ಕೋರ್ಸುಗಳಿಗೆ ಹಾಸ್ಟೆಲ್ ವಾಸಿಗೆ ವರ್ಷಕ್ಕೆ 13,500 ರೂಪಾಯಿ, ಮನೆಯಿಂದ ಓಡಾಡುವವರಿಗೆ 7,000 ರೂಪಾಯಿ ಭತ್ಯೆ ನಿಗದಿಯಾಗಿದೆ. ಅರ್ಜಿಯಲ್ಲಿ ವಸತಿಯ ಕಲಮನ್ನು ತಪ್ಪಾಗಿ ತುಂಬಿದರೆ ಈ ವ್ಯತ್ಯಾಸ ಕೈತಪ್ಪುತ್ತದೆ.

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಹಾಸ್ಟೆಲ್ ಶುಲ್ಕವನ್ನೂ, ಹೊರಗೆ ಉಳಿಯಬೇಕಾಗಿ ಬಂದಾಗ ಸಮಂಜಸವಾದ ಊಟ, ವಸತಿ ಖರ್ಚನ್ನೂ ಸೇರಿಸಬಹುದು. ಅಂದಾಜು ಪಟ್ಟಿಯಲ್ಲಿ ಅದನ್ನು ಮೊದಲೇ ತೋರಿಸಿರಬೇಕು, ಆಮೇಲೆ ಸೇರಿಸುವುದು ಕಷ್ಟ.

ಜಿ.ಎಸ್‌.ಟಿ. ಕುರಿತು: 2024ರ ಜೂನ್ 22ರ ಜಿ.ಎಸ್‌.ಟಿ. ಮಂಡಳಿ ಸಭೆಯ ಶಿಫಾರಸಿನಂತೆ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿಯವರೆಗಿನ, ಸತತ 90 ದಿನಗಳಾದರೂ ಉಳಿಯುವ ವಸತಿ ಸೇವೆಗೆ ತೆರಿಗೆ ವಿನಾಯಿತಿ ಇದೆ. ನಿಮ್ಮ ಮಗನ ಬಾಡಿಗೆ ಈ ಮಿತಿಯೊಳಗಿದ್ದು, ಮೂರು ತಿಂಗಳು ಮೀರಿ ಉಳಿಯುವ ಕರಾರಿದ್ದರೆ ತೆರಿಗೆ ಕೇಳುವಂತಿಲ್ಲ. ಹಾಗೆಂದೇ ಕರಾರನ್ನು ತಿಂಗಳು ತಿಂಗಳಿಗೆ ಬರೆಸಬೇಡಿ.

ಪ್ರಶ್ನೆ: ಮಗಳಿಗೆ ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಕ್ಕಿ, ಅಲ್ಲಿನ ವಿದ್ಯಾರ್ಥಿ ವಸತಿ ಸಂಸ್ಥೆ ಕೋಣೆಯನ್ನೂ ಕೊಟ್ಟಿದೆ. ಬಾಡಿಗೆಯ ಹೊರತಾಗಿ ಏನೇನು ಗಮನಿಸಬೇಕು? (ಓದುಗರು, ದಾವಣಗೆರೆ)

ಉತ್ತರ: ಸ್ಟುಡೀರೆಂಡೆನ್‌ವೆರ್ಕ್ ಎಂಬ ಈ ಸಂಸ್ಥೆಗಳ ಕೋಣೆ ಸಿಕ್ಕಿದ್ದು ಅದೃಷ್ಟ. ಬೇಡಿಕೆ ಹೆಚ್ಚಿರುವ ಊರುಗಳಲ್ಲಿ ಇದಕ್ಕಾಗಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಅಲ್ಲಿ ಮೆಸ್ ಇರುವುದಿಲ್ಲ. ಸಾಮಾನ್ಯವಾಗಿ ಸಾಮೂಹಿಕ ಅಡುಗೆಮನೆ ಇರುತ್ತದೆ, ಅಡುಗೆ ಆಕೆಯೇ ಮಾಡಿಕೊಳ್ಳಬೇಕು. ಠೇವಣಿಯನ್ನು ಬಿಸಿಯೂಡಿಕೆ ಮುಂತಾದ ವೆಚ್ಚ ಬಿಟ್ಟ ಮೂಲ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲವೆಂದು ಅಲ್ಲಿನ ನಾಗರಿಕ ಸಂಹಿತೆಯ 551ನೇ ಕಲಮು ಹೇಳುತ್ತದೆ. ಆದರೆ ಬೇರೆ ಮನೆಗಳ ಠೇವಣಿಗೆ ಸಿಗುವ ಬಡ್ಡಿಯನ್ನು ವಿದ್ಯಾರ್ಥಿ ನಿಲಯಗಳು ಕೊಡಬೇಕಾಗಿಲ್ಲವೆಂದು ಅದೇ ಕಲಮು ವಿನಾಯಿತಿ ನೀಡಿದೆ.

ಕೋಣೆ ಸೇರಿದ ಎರಡು ವಾರಗಳಲ್ಲಿ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ನಿಲಯದವರು ಸಹಿ ಮಾಡಿದ ವಾಸದ ದೃಢೀಕರಣ ಬೇಕಾಗುವುದರಿಂದ ಬೀಗದ ಕೈ ಪಡೆಯುವ ದಿನವೇ ಆ ಕಾಗದವನ್ನೂ ಕೇಳಲಿ. ನೋಂದಣಿಯ ಹಿಂದೆಯೇ ಸಾರ್ವಜನಿಕ ರೇಡಿಯೋ, ಟಿ.ವಿ.ಗಾಗಿ ಕಟ್ಟಬೇಕಾದ ಪ್ರಸಾರ ಶುಲ್ಕದ ಪತ್ರ ಬರುತ್ತದೆ. 2021ರ ಆಗಸ್ಟಿನಲ್ಲಿ ತಿಂಗಳಿಗೆ 18.36 ಯೂರೋ ಎಂದು ನಿಗದಿಯಾದ ಈ ಶುಲ್ಕ ತಲೆಗೊಂದಲ್ಲ, ಮನೆಗೊಂದು. ನಾಲ್ವರು ಒಂದು ಫ್ಲ್ಯಾಟನ್ನು ಹಂಚಿಕೊಂಡಿದ್ದರೆ ಒಂದೇ ಶುಲ್ಕವನ್ನು ನಾಲ್ವರೂ ಹಂಚಿಕೊಳ್ಳಬಹುದು. ಸಾರ್ವಜನಿಕ ಪಡಸಾಲೆಗೆ ನೇರ ಬಾಗಿಲಿರುವ ಒಂಟಿ ಕೋಣೆಯಾಗಿದ್ದರೆ ಆಕೆಯೊಬ್ಬಳೇ ಕಟ್ಟಬೇಕಾಗುತ್ತದೆ.

ವೀಸಾಕ್ಕಾಗಿ ಬ್ಯಾಂಕಿನಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಲು ಬರುತ್ತದೆ. ಠೇವಣಿ ಮತ್ತು ಮೊದಲ ಬಾಡಿಗೆ ಎರಡನ್ನೂ ಒಮ್ಮೆಗೇ ಕಟ್ಟಬೇಕಾದ ಮೊದಲ ತಿಂಗಳಿಗೆ ಇದು ಸಾಲದೇ ಹೋಗಬಹುದಾದ್ದರಿಂದ ಆ ಖರ್ಚಿಗೆಂದು ಬೇರೆಯೇ ಹಣ ಕೊಟ್ಟು ಕಳುಹಿಸಿ. ಹಲವು ನಿಲಯಗಳ ಕರಾರನ್ನು ಸೆಮಿಸ್ಟರ್ ಕೊನೆಗಷ್ಟೇ ಮುಗಿಸಲು ಬರುತ್ತದೆ. ಸಹಿ ಮಾಡುವ ಮೊದಲು ಆ ಕಲಮನ್ನು ಮಗಳು ತಾನೇ ಓದಿಕೊಳ್ಳಲಿ.