ಮ್ಯಾಚ್ ಒಂದೇ, ಬೇರು ಎರಡು

ಕ್ರಿಕೆಟ್ ಮ್ಯಾಚ್, ಮ್ಯಾಚ್ ಬಾಕ್ಸ್, ಎರಡರಲ್ಲಿರೋ ಮ್ಯಾಚ್ ಒಂದೇನಾ ಅಂತ ಕೇಳಿದ್ದೀರಿ. ಅಲ್ಲ. ಸ್ಪೆಲಿಂಗ್ ಒಂದೇ, ನೆಂಟಸ್ತಿಕೆ ಇಲ್ಲ.

ಆಟದ ಮ್ಯಾಚ್ ಹಳೆಯ ಇಂಗ್ಲಿಷಿನದು. ಮೂಲದಲ್ಲಿ ಅದಕ್ಕೆ ಜೊತೆಗಾರ, ಸಮಾನ ಅನ್ನೋ ಅರ್ಥ. ಸರಿಸಾಟಿ ಎದುರಾದರೆ ಪಂದ್ಯ, ಬಣ್ಣ ಹೊಂದಿದರೆ ಮ್ಯಾಚಿಂಗ್, ಜೋಡಿ ಕೂಡಿದರೆ ಮದುವೆ. ಎಲ್ಲಾ ಅಲ್ಲಿಂದಲೇ.

ಕಡ್ಡಿಯದು ಬೇರೆ ಕಥೆ. ಅದು ಫ್ರೆಂಚಿನಿಂದ ಬಂದದ್ದು, ಅರ್ಥ ದೀಪದ ಬತ್ತಿ. ಇವತ್ತಿಗೂ ಫ್ರೆಂಚರು ಬತ್ತಿಗೆ ಮೆಶ್ ಅಂತಾರೆ. ಹಿಂದೆ ಕೋವಿಯ ಮದ್ದಿಗೆ ಬೆಂಕಿ ತಾಗಿಸಲು ಪೆಟ್ಲುಪ್ಪಿನಲ್ಲಿ, ಅಂದರೆ ಸಿಡಿಮದ್ದಿಗೆ ಬಳಸುವ ಒಂದು ಬಗೆಯ ಉಪ್ಪಿನಲ್ಲಿ, ನೆನೆಸಿದ ಹುರಿ ಇರುತ್ತಿತ್ತು. ನಿಧಾನವಾಗಿ ಉರಿಯುವ ಆ ಹುರಿಗೂ ಮ್ಯಾಚ್ ಅಂತಲೇ ಹೆಸರು. ಮ್ಯಾಚ್‌ಲಾಕ್ ಕೋವಿ ಅಂತ ಕೇಳಿರುತ್ತೀರಿ ಅಲ್ವಾ, ಅದರಲ್ಲಿರೋ ಮ್ಯಾಚ್ ಈ ಹುರಿಯೇ.

ಗೀರಿದರೆ ಹತ್ತುವ ಕಡ್ಡಿ ತುಂಬಾ ತಡವಾಗಿ ಬಂತು. ಇಂಗ್ಲೆಂಡಿನ ಜಾನ್ ವಾಕರ್ ಅದನ್ನು ಮಾರಲು ಶುರು ಮಾಡಿದ್ದು 1827ರಲ್ಲಿ. ಮಡಚಿದ ಉಪ್ಪುಕಾಗದದ ನಡುವೆ ಕಡ್ಡಿಯ ತುದಿ ಇಟ್ಟು ಸರಕ್ಕನೆ ಎಳೆಯಬೇಕಿತ್ತು. ಪಾಪ, ಅವರು ಅದಕ್ಕೆ ಮ್ಯಾಚ್ ಅಂತ ಹೆಸರಿಡಲೇ ಇಲ್ಲ, ಫ್ರಿಕ್ಷನ್ ಲೈಟ್ಸ್ ಅಂದರು. ಜನ ಮಾತ್ರ ಹಳೇ ಬತ್ತಿಯ ಹೆಸರನ್ನೇ ಸುಮ್ನೆ ಕಡ್ಡಿಗೂ ಅಂಟಿಸಿಬಿಟ್ಟರು.