2 ಜಿಬಿ ಬೋರ್ಡು 18 ಎಂದದ್ದು ಯಾಕೆ?

ನಮಸ್ಕಾರ. ಬೂಟ್ ಕೋಡಿನ (ಕಂಪ್ಯೂಟರ್ ಬೋರ್ಡು ಆನ್ ಆದ ಕೂಡಲೇ ಓಡುವ ಕೋಡಿನ) ಬಗ್ಗೆ ನೀವು ಕಳಿಸಿದ ಲೇಖನವನ್ನು ಮಂಗಳೂರಿನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಓದಿದೆ. ಸುರತ್ಕಲ್ ಬಂದಾಗ ನೀವು ಅಬಾಕಸ್ ಹತ್ತಿರ ಇದ್ದಿರಿ, ಮೂಲ್ಕಿಯಲ್ಲಿ ಟ್ರಾನ್ಸಿಸ್ಟರ್ ಹತ್ತಿರ. ನಿಮ್ಮ ಬೋರ್ಡು ಕಾಣಿಸಿದ್ದು ಪಡುಬಿದ್ರಿ ದಾಟಿದ ಮೇಲೆ, 4ನೇ ಪುಟದಲ್ಲಿ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಸಾಡುವ ಲೇಖನವೂ ಅಲ್ಲ.

ಆ ಪುಟದಲ್ಲಿ ಹೀಗಿದೆ: ‘2 ಜಿಬಿ ಮೆಮೊರಿ ಇರುವ ಬೋರ್ಡು 18 ಜಿಬಿ ಎಂದು ತೋರಿಸಿತು. ಟೈಪ್ ಹೊಂದಾಣಿಕೆ ಇಲ್ಲದ್ದೇ ಕಾರಣ.’ ಅಷ್ಟೇ! ಮಾರಾಯ್ರೆ, 18 ಯಾಕೆ? 17 ಯಾಕಲ್ಲ? ಓದುವವರು ಕೇಳುವುದು ಇದನ್ನೇ ಅಲ್ವಾ?

ಉತ್ತರ ನಿಮ್ಮ ಲೇಖನದಲ್ಲೇ ಚೂರುಚೂರಾಗಿ ಬಿದ್ದಿದೆ. ಮೊದಲ ಹಂತದ ಕೋಡ್ 32 ಬಿಟ್, ಎರಡನೆಯದು 64 ಬಿಟ್ ಎಂದು ಒಂದು ಕಡೆ. ಮೊದಲಿನದು ಎರಡನೆಯದಕ್ಕೆ ಒಂದು ಸ್ಟ್ರಕ್ಟ್, ಅಂದರೆ ಸಾಲಾಗಿ ಜೋಡಿಸಿದ ಮಾಹಿತಿಯ ಕಟ್ಟು, ದಾಟಿಸುತ್ತದೆ ಎಂದು ಇನ್ನೊಂದು ಕಡೆ: ಮೊದಲು ಮೆಮೊರಿ ಗಾತ್ರ, ಅದು ಅನ್‌ಸೈನ್ಡ್ ಲಾಂಗ್, ಅದರ ಪಕ್ಕ ಪ್ರೊಸೆಸರಿನ ಕೋರ್ ಎಷ್ಟು ಎಂಬುದು, ಅದು ಅನ್‌ಸೈನ್ಡ್ ಇಂಟ್ (ಎರಡೂ ಸಿ ಭಾಷೆಯಲ್ಲಿ ಸಂಖ್ಯೆ ಇಡುವ ಟೈಪ್‌ಗಳು). ಕೋರ್ 4 ಎಂಬುದು ಮತ್ತೆಲ್ಲೋ. ನಾನು ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ. ಬರೆದ ಕೋಡಿಗೆ ಲಾಂಗ್ ಎಂದರೆ 4 ಬೈಟ್, ಓದಿದ ಕೋಡಿಗೆ 8. ಹಾಗಾಗಿ ಅದು ಪಕ್ಕದ ಕೋರ್ ಲೆಕ್ಕವನ್ನೂ ಸೇರಿಸಿಕೊಂಡು ಒಂದೇ ಸಂಖ್ಯೆಯೆಂದು ಓದಿತು. ಲಿಟಲ್ ಎಂಡಿಯನ್ (ಸಂಖ್ಯೆಯ ಕೆಳಗಿನ ಬೈಟನ್ನು ಮೊದಲು ಇಡುವ ಕ್ರಮ) ಆದ್ದರಿಂದ ಆ 4 ಸಂಖ್ಯೆಯ ಮೇಲಿನ ಅರ್ಧಕ್ಕೆ ಹೋಯಿತು. ಅಲ್ಲಿ ಒಂದೊಂದಕ್ಕೂ ಬೆಲೆ 4 ಜಿಬಿ. ನಾಲ್ಕ್ ನಾಲ್ಕ್ಲ ಹದಿನಾರು, ನಿಜವಾಗಿ ಇದ್ದ 2 ಸೇರಿ 18!

ಇದೇ ನಿಮ್ಮ ಲೇಖನ. ಇಲ್ಲಿಂದ ಶುರು ಮಾಡಿ.

ಒಂದು ತಪ್ಪೂ ಉಂಟು. ‘64 ಬಿಟ್ ಎಂದರೆ ಲಾಂಗ್ 8 ಬೈಟ್’ ಎಂದಿದ್ದೀರಿ. 64 ಬಿಟ್ ಲಿನಕ್ಸ್‌ನಲ್ಲಿ ಹೌದು. 64 ಬಿಟ್ ವಿಂಡೋಸ್‌ನಲ್ಲಿ ಈಗಲೂ 4. ಸಿ ಭಾಷೆ ಕನಿಷ್ಠ ಎಷ್ಟಿರಬೇಕು ಎಂದಷ್ಟೇ ಹೇಳುತ್ತದೆ, ಮಿಕ್ಕಿದ್ದು ಆಯಾ ಪ್ಲಾಟ್‌ಫಾರ್ಮಿಗೆ ಬಿಟ್ಟದ್ದು. ಹಿಂದೆ ಊರಿಗೊಂದು ಸೇರು ಇದ್ದ ಹಾಗೆ. ಹೋಲಿಕೆ ಬೇಕಿದ್ದರೆ ಇದೊಂದು ಸಾಕು. ನಿಮ್ಮ ‘ಸಂಖ್ಯೆಗಳ ಕಡಲಲ್ಲಿ ದಿಕ್ಕು ತಪ್ಪಿದ ದೋಣಿ’ ಮಲ್ಪೆಯಲ್ಲೇ ಇರಲಿ.

ಪರಿಹಾರಕ್ಕೆ ಒಂದೂವರೆ ಪುಟ ಜಾಸ್ತಿ ಆಯಿತು. ಲಾಂಗ್ ತೆಗೆದು, 1999ರ ಸಿ ಮಾನದಂಡದಲ್ಲಿ ಬಂದ, ಯಾವಾಗಲೂ 64 ಬಿಟ್ಟೇ ಇರುವ ಯುಇಂಟ್64_ಟಿ ಹಾಕಿದಿರಿ. ಎರಡು ಸಾಲು ಸಾಕು. ಪ್ಯಾಡಿಂಗ್ (ಸ್ಟ್ರಕ್ಟಿನಲ್ಲಿ ಕಂಪೈಲರ್ ಬಿಡುವ ಖಾಲಿ ಬೈಟುಗಳು) ಎರಡೂ ಕಡೆ ಒಂದೇ ಇದೆ ಎಂದು, ಗಾತ್ರ ಹೇಳುವ ಸೈಜ್‌ಆಫ್ ಹಾಕಿ ನೋಡಿದ್ದರೆ ಅದನ್ನೂ ಹೇಳಿ.

ಇನ್ನೊಂದು. ಎರಡನೆಯ ಕೋಡ್ ಕೋರ್ ಲೆಕ್ಕವನ್ನು 8 ಬೈಟ್ ಬಿಟ್ಟು ಮುಂದಿನ ಜಾಗದಿಂದ ಓದಿರಬೇಕು. ಅಲ್ಲಿ ಮೊದಲ ಕೋಡ್ ಏನೂ ಬರೆದಿರಲಿಲ್ಲ. ಹಾಗಾದರೆ ಅದು ಎಷ್ಟು ಕೋರ್ ಎಂದಿತು? ಲಾಗ್ ಇಟ್ಟುಕೊಂಡಿದ್ದರೆ ಆ ಸಾಲು ಹಾಗೇ ಹಾಕಿ. 3 ಪುಟ ಮೀರಬೇಡಿ.