ಅಪ್ಪಾಜಿಯ ಚಹಾಕ್ಕೆ ಸಕ್ಕರೆ ಹಾಕಬಹುದಾ?

ಪ್ರಶ್ನೆ: ಅಪ್ಪಾಜಿಗೆ 62 ವರ್ಷ, ಸಕ್ಕರೆ ಕಾಯಿಲೆ ಇಲ್ಲ. ಹೋದ ತಿಂಗಳು ಕಣ್ಣು ಹಳದಿಯಾಗಿ ಮೈಯೆಲ್ಲ ತುರಿಕೆ ಶುರುವಾಯಿತು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದರು. ಕ್ಯಾನ್ಸರಿನ ಸುಳಿವಿಗೆ ಮಾಡುವ ಸಿಎ 19-9 ರಕ್ತಪರೀಕ್ಷೆ 210 ಬಂತು, 37ರ ಒಳಗಿರಬೇಕಂತೆ. ಈ ವಾರ ಕಲ್ಲು ತೆಗೆದಿದ್ದಾರೆ. ಪಿತ್ತನಾಳದ ಕ್ಯಾನ್ಸರಿನಲ್ಲಿ ಪ್ರೋಟೀನಿನ ಮೇಲಿನ ಸಕ್ಕರೆ ಬದಲಾಗುತ್ತದೆ ಎಂದು ಓದಿ ಚಹಾಕ್ಕೂ ಸಕ್ಕರೆ ಹಾಕುತ್ತಿಲ್ಲ. ಇದು ಕ್ಯಾನ್ಸರ್ರೇನಾ?
— ಒಬ್ಬ ಮಗಳು, ದಾವಣಗೆರೆ

ಉತ್ತರ: ಮೊದಲು ಅಪ್ಪಾಜಿಗೆ ಸಿಹಿ ಚಹಾ ಕೊಡಿ ತಂಗಿ. ನೀವು ಓದಿದ ಸಕ್ಕರೆ ಡಬ್ಬಿಯ ಸಕ್ಕರೆಯಲ್ಲ. ಜೀವಕೋಶ ತಾನೇ ತಯಾರಿಸಿ ಪ್ರೋಟೀನಿನ ಮೇಲೆ ಸರಪಳಿಯ ಹಾಗೆ ಪೋಣಿಸುವ ಸಕ್ಕರೆ ಅದು. ನಮ್ಮ ಎ, ಬಿ ರಕ್ತದ ಗುಂಪುಗಳೂ ಇಂಥ ಸಕ್ಕರೆಗಳೇ. ನಾವು ಸಾರು ಮಾಡುವ ಹುರುಳಿ ಇದೆಯಲ್ಲ, ಅದರ ಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ, ಅದು ಎ ಗುಂಪಿನದೇ ಒಳಗುಂಪಾದ ಎ1ರ ರಕ್ತಕಣಗಳ ಸಕ್ಕರೆಯನ್ನು ಹಿಡಿದು ಗಂಟುಗಟ್ಟಿಸುತ್ತದೆ, ರಕ್ತನಿಧಿಗಳಲ್ಲಿ ಎ1, ಎ2 ಬೇರೆ ಮಾಡಲು ಅದನ್ನೇ ಬಳಸುತ್ತಾರೆ. ಜಪಾನಿನ ವಿಜ್ಞಾನಿಗಳು ವಿಸ್ಟೀರಿಯಾ ಎಂಬ ಹೂಬಳ್ಳಿಯ ಬೀಜದ ಲೆಕ್ಟಿನ್ ಬಳಸಿ ಪಿತ್ತನಾಳದ ಕ್ಯಾನ್ಸರಿನ ಸಕ್ಕರೆ ಗುರುತಿಸಿದ್ದೂ ಹೀಗೆಯೇ.

ಕ್ಯಾನ್ಸರ್ ಆದ ಕೋಶದಲ್ಲಿ ಸಕ್ಕರೆ ಪೋಣಿಸುವ ಕಿಣ್ವಗಳ ಲೆಕ್ಕ ತಪ್ಪುತ್ತದೆ. ಸರಪಳಿಯ ತುದಿಗೆ ಸಯಾಲಿಕ್ ಆಮ್ಲ ಎಂಬ ಸಕ್ಕರೆ ಜಾಸ್ತಿ ಅಂಟಿಕೊಳ್ಳುತ್ತದೆ. ಸಿಎ 19-9 ಅಂದರೂ ನಾಲ್ಕು ಸಕ್ಕರೆಗಳ ಇಂಥದೇ ಒಂದು ತುಣುಕು. ಆದರೆ ಆರೋಗ್ಯವಾಗಿರುವ ಪಿತ್ತನಾಳವೂ ಇದನ್ನು ಸ್ವಲ್ಪ ತಯಾರಿಸುತ್ತದೆ, ಅದು ಪಿತ್ತದ ಜೊತೆ ಕರುಳಿಗೆ ಹರಿದು ಹೋಗುತ್ತದೆ. ಕಲ್ಲು ಅಡ್ಡ ಬಂದರೆ ಹೋಗಲು ದಾರಿಯಿಲ್ಲದೆ ರಕ್ತಕ್ಕೆ ನುಗ್ಗುತ್ತದೆ. ಹಾಗಾಗಿ ಕಾಮಾಲೆ ಇದ್ದಾಗ ಬಂದ 210 ನೋಡಿ ಕ್ಯಾನ್ಸರ್ ಅಂತ ಹೇಳಲಾಗದು.

ಕಾಮಾಲೆ ಪೂರ್ತಿ ಇಳಿದ ಮೇಲೆ, ಕೆಲವು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ಇಳಿದಿದ್ದರೆ ಒಳ್ಳೆಯ ಸುದ್ದಿ. ಇಳಿಯದಿದ್ದರೆ ಪಿತ್ತನಾಳದ ಚಿತ್ರ ತೆಗೆಯುವ ಎಂಆರ್‌ಸಿಪಿ ಸ್ಕ್ಯಾನ್, ಬೇಕಾದರೆ ನಾಳದ ಕೋಶ ತೆಗೆದು ಪರೀಕ್ಷೆ, ಇವನ್ನು ಮುಂದೂಡಬೇಡಿ. ಇನ್ನೊಂದು ಮಾತು, ಕೆಲವರ ಮೈ ಹುಟ್ಟಿನಿಂದಲೇ ಈ ಸಕ್ಕರೆ ತಯಾರಿಸುವುದಿಲ್ಲ. ಅಂಥವರಿಗೆ ಕ್ಯಾನ್ಸರ್ ಇದ್ದರೂ ಸಿಎ 19-9 ಏರದು. ಅದಕ್ಕೇ ನಂಬರ್ ಕಡಿಮೆ ಬಂದರೂ ವೈದ್ಯರು ಸ್ಕ್ಯಾನ್ ಹೇಳಿದರೆ ಸುಮ್ನೆ ದುಡ್ಡಿಗೆ ಅಂತ ಅಂದುಕೊಳ್ಳಬೇಡಿ.

ನಡುವೆ ಮೈ ನಡುಗಿ ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.